ಫೋನ್ ತಂತಿಯ ಒಗಟು ಬಿಡಿಸಿದವರಿಗೆ ಸಿಕ್ಕಿದ್ದೇನು? ಆಲಿವರ್ ಹೆವಿಸೈಡ್ ಬದುಕಿನ ಕಥೆ

ಮನೆಮನೆಗೂ ಲ್ಯಾಂಡ್‌ಲೈನ್ ಇದ್ದ ಕಾಲ ನೆನಪಿದೆಯೇ? ಮಳೆ ಹಿಡಿದರೆ ಸಾಕು, ಥಾಣೆ, ನವಿ ಮುಂಬೈ, ಡೊಂಬಿವಲಿ, ಕಲ್ಯಾಣದಲ್ಲಿ ಫೋನ್ ಗರಗರ ಎನ್ನುತ್ತಿತ್ತು. 022 ಆದರೇನು, 0251 ಆದರೇನು, ಕೇಬಲ್ ಜಾಯಿಂಟ್‌ಗೆ ನೀರು ಇಳಿಯಲು ಎಸ್‌ಟಿಡಿ ಕೋಡ್ ಬೇಕಿಲ್ಲವಲ್ಲ!

ಲೈನ್‌ಮನ್ ಬಂದು ರಸ್ತೆ ಬದಿಯ ಪಿಲ್ಲರ್ ಬಾಕ್ಸ್ ತೆರೆದು ಮೀಟರ್‌ನ ಕ್ಲಿಪ್ ಸಿಕ್ಕಿಸುತ್ತಿದ್ದರು. ಒಂದು ಫೋನಿಗೆ ಎರಡು ತಂತಿ, ಅದೇ ಒಂದು ಪೇರ್. ಎರಡೂ ತಾಗಿದರೆ ಶಾರ್ಟ್, ನೆಲಕ್ಕೆ ತಾಗಿದರೆ ಅರ್ತ್, ತುಂಡಾದರೆ ಓಪನ್. 0.5 ಮಿ.ಮೀ. ತಾಮ್ರದ ಪೇರ್‌ಗೆ ಹೋಗಿಬರುವ ದಾರಿ ಸೇರಿ ಕಿಲೋಮೀಟರಿಗೆ ಸುಮಾರು 168 ಓಮ್ ರೋಧ. ಪೂರ್ತಿ ಶಾರ್ಟ್ ಆಗಿ ಮೀಟರ್ 84 ತೋರಿಸಿದರೆ ದೋಷ ಅರ್ಧ ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಮುಂದೆ ಬಂದ ಪಲ್ಸ್ ಮೀಟರ್‌ಗಳು ತಂತಿಯೊಳಗೆ ಮಿಡಿತ ಕಳಿಸಿ ಪ್ರತಿಧ್ವನಿಗೆ ಕಾಯುತ್ತವೆ. ಮಿಡಿತ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವ ಕೇಬಲ್‌ನಲ್ಲಿ 10 ಮೈಕ್ರೋಸೆಕೆಂಡಿಗೆ ಮರುದನಿ ಬಂದರೆ ದೋಷ 1 ಕಿ.ಮೀ. ದೂರ. ಸುಮ್ಮನೆ ರಸ್ತೆ ಅಗೆಯಬೇಕಿಲ್ಲ.

ತಂತಿಯೊಳಗೆ ಅಲೆ ಹೇಗೆ ಓಡುತ್ತದೆ, ಹೇಗೆ ತಿರುಗಿ ಬರುತ್ತದೆ ಎಂಬ ಗಣಿತವನ್ನು ಬರೆದಿಟ್ಟವರು ಆಲಿವರ್ ಹೆವಿಸೈಡ್.

1850ರ ಮೇ 18ರಂದು ಲಂಡನ್‌ನಲ್ಲಿ ಹುಟ್ಟಿದರು. ಬಡ ಮನೆ. ಬಾಲ್ಯದ ಜ್ವರ ಕಿವಿ ಮಂದ ಮಾಡಿತು. 16ಕ್ಕೇ ಶಾಲೆ ಮುಗಿಯಿತು, ಕಾಲೇಜು ಹತ್ತಲೇ ಇಲ್ಲ. ಅದೃಷ್ಟಕ್ಕೆ ಟೆಲಿಗ್ರಾಫ್ ಖ್ಯಾತಿಯ ಚಾರ್ಲ್ಸ್ ವೀಟ್‌ಸ್ಟೋನ್ ಅವರ ತಾಯಿಯ ಸೋದರಿಯ ಗಂಡ. 18ನೇ ವಯಸ್ಸಿಗೆ ಡೆನ್ಮಾರ್ಕ್‌ನಲ್ಲಿ ಟೆಲಿಗ್ರಾಫ್ ಕೆಲಸ, ನಂತರ ಇಂಗ್ಲೆಂಡಿನ ನ್ಯೂಕ್ಯಾಸಲ್. ಸಮುದ್ರದಡಿಯ ಕೇಬಲ್ ಕೆಟ್ಟರೆ ದಡದಲ್ಲೇ ಕೂತು ಅಳೆದು ಜಾಗ ಊಹಿಸಬೇಕು. ಅದಕ್ಕೆ ವೀಟ್‌ಸ್ಟೋನ್ ಬ್ರಿಡ್ಜ್ ಬೇಕು. ಆ ಬ್ರಿಡ್ಜ್ ಅತಿ ಸೂಕ್ಷ್ಮವಾಗಿ ಅಳೆಯುವಂತೆ ಹೊಂದಿಸುವುದು ಹೇಗೆಂದು 1873ರಲ್ಲಿ ಲೇಖನ ಬರೆದರು. ಮಹಾ ವಿಜ್ಞಾನಿ ಮ್ಯಾಕ್ಸ್‌ವೆಲ್ ಕೂಡ ಅದನ್ನು ಗಮನಿಸಿದರು.

ಮರುವರ್ಷವೇ ಕೆಲಸ ಬಿಟ್ಟರು. ವಯಸ್ಸು 24! ಮತ್ತೆಂದೂ ನೌಕರಿ ಹಿಡಿಯಲಿಲ್ಲ. ಅಪ್ಪ ಅಮ್ಮನ ಮನೆಯ ಕೋಣೆಯೊಂದರಲ್ಲಿ ಕೂತು ಲೆಕ್ಕ ಮಾಡಿದರು. ಮ್ಯಾಕ್ಸ್‌ವೆಲ್‌ರ ಸಮೀಕರಣಗಳ ರಾಶಿಯನ್ನು ಇಂದು ವಿದ್ಯಾರ್ಥಿಗಳು ಓದುವ ನಾಲ್ಕಕ್ಕೆ ಇಳಿಸಿದ್ದು ಇವರೇ.

1887ರಲ್ಲಿ ಇನ್ನೊಂದು ಸತ್ಯ ಕಂಡರು: ತಂತಿಯ ಇಂಡಕ್ಟೆನ್ಸ್ ಹೆಚ್ಚಿಸಿದರೆ ದೂರದ ಮಾತು ಕಲಸಿಹೋಗದೆ ಸ್ಪಷ್ಟವಾಗಿ ಕೇಳುತ್ತದೆ. ಬ್ರಿಟಿಷ್ ಅಂಚೆ ಇಲಾಖೆಯ ವಿಲಿಯಂ ಪ್ರೀಸ್ ನಂಬಿದ್ದು ಇದಕ್ಕೆ ತದ್ವಿರುದ್ಧ. ಹೆವಿಸೈಡ್ ತಮ್ಮ ಅಣ್ಣ ಆರ್ಥರ್ ಜತೆ ಸೇರಿ ಬರೆದ ಪ್ರಬಂಧ ಪ್ರೀಸ್ ಅಡ್ಡಗಾಲಿನಿಂದ ಪ್ರಕಟವಾಗಲೇ ಇಲ್ಲ. ಪಟ್ಟು ಬಿಡದ ಹೆವಿಸೈಡ್ ಲೇಖನಗಳಲ್ಲೇ ಪ್ರೀಸ್‌ರನ್ನು ಗೇಲಿ ಮಾಡಿದರು. ಅದು ಅವರಿಗೆ ಒಳ್ಳೆಯದನ್ನೇನೂ ಮಾಡಲಿಲ್ಲ.

ಮುಂದೆ ಅಮೆರಿಕದಲ್ಲಿ ಮೈಕೆಲ್ ಪ್ಯುಪಿನ್ ತಂತಿಗೆ ಅಲ್ಲಲ್ಲಿ ಸುರುಳಿ ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದು ಲಕ್ಷಾಂತರ ಡಾಲರ್ ಗಳಿಸಿದರು. ಹೆವಿಸೈಡ್ ಪೇಟೆಂಟ್ ಮಾಡಿರಲಿಲ್ಲ; ಅವರಿಗೆ ಬಿಡಿಗಾಸೂ ಸಿಗಲಿಲ್ಲ. 1896ರಿಂದ ವರ್ಷಕ್ಕೆ 120 ಪೌಂಡ್ ಸರ್ಕಾರಿ ಪಿಂಚಣಿ, ಅದೂ ಸ್ನೇಹಿತರು ಓಡಾಡಿ ಕೊಡಿಸಿದ್ದು.

ಕೊನೆಯ ವರ್ಷಗಳನ್ನು ಟಾರ್ಕಿ ಪಟ್ಟಣದಲ್ಲಿ ಬಡತನ, ಅನಾರೋಗ್ಯದ ನಡುವೆ ಒಂಟಿಯಾಗಿ ಕಳೆದರು. ಗ್ಯಾಸ್ ಬಿಲ್‌ಗಾಗಿ ಕಂಪನಿಯೊಂದಿಗೆ ಜಗಳವೂ ನಡೆದಿತ್ತು. 1922ರಲ್ಲಿ ಮೊದಲ ಫ್ಯಾರಡೆ ಪದಕ ಅವರಿಗೇ ಸಂದಿತು. ಅದನ್ನು ಕೊಡಲು ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷರೇ ಟಾರ್ಕಿಗೆ ಬಂದರು. 1925ರ ಆರಂಭದಲ್ಲಿ ಏಣಿಯಿಂದ ಬಿದ್ದ ಹೆವಿಸೈಡ್, ಫೆಬ್ರವರಿ 3ರಂದು ಅಲ್ಲೇ ತೀರಿಕೊಂಡರು.