ಶಿಸ್ತಿನ ಶಿವಪ್ಪನಾಯಕ

ಅರಿವು ಎರಡು ಬಗೆಯಾಗಿ ಬರುತ್ತದೆ. ಓದಿ ತಿಳಿದುದು ಒಂದು, ಮಾಡಿ ತಿಳಿದುದು ಇನ್ನೊಂದು. ಮೊದಲನೆಯದು ಕೆಲಸಕ್ಕೆ ಬಾರದೆ ಹೋದಾಗ ನಮ್ಮ ಜನರು ಅದನ್ನು ಪುಸ್ತಕದ ಬದನೆಕಾಯಿ ಎಂದು ನಗುತ್ತಾರೆ. ಎರಡನೆಯದನ್ನು ಕಂಡಾಗ ಓದಿದವರು ಹಳ್ಳಿಯ ಹಳೆಯ ರೂಢಿಯೆಂದು ಮೂಗು ಮುರಿಯುತ್ತಾರೆ. ಈ ತಾತ್ಸಾರವು ಬರಿಯ ಮಾತಿನ ಚಕಮಕಿಯಾಗಿದ್ದರೆ ನಾವು ಅದನ್ನು ಇಲ್ಲಿ ಎತ್ತಬೇಕಾಗಿರಲಿಲ್ಲ. ಆದರೆ ಓದಿದವನು ಆಳುವವನಾಗಿಯೂ, ಮಾಡಿ ತಿಳಿದವನು ತೆರುವವನಾಗಿಯೂ ಎದುರುಬದುರು ನಿಂತಾಗ, ಆಳುವವನ ತಪ್ಪು ಲೆಕ್ಕಕ್ಕೆ ತೆರುವವನು ತನ್ನ ಪೈರಿನಿಂದ ದಂಡ ಕೊಡಬೇಕಾಗುತ್ತದೆ. ಈ ಅಂತರವನ್ನು ಅರಿತು, ಅದನ್ನು ದಾಟುವುದಕ್ಕಾಗಿ ವರ್ಷಗಟ್ಟಲೆ ತಾಳ್ಮೆಯನ್ನು ವೆಚ್ಚಮಾಡಿದ ಅರಸನೊಬ್ಬನು ನಮ್ಮ ಕನ್ನಡ ನಾಡಿನಲ್ಲಿಯೇ ಆಗಿಹೋದನು. ಆತನೇ ಕೆಳದಿಯ ಶಿವಪ್ಪನಾಯಕನು.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯ ಹೆಸರನ್ನು ಇಂದು ಅರಿಯದ ಕನ್ನಡಿಗರಿಲ್ಲ. ಕುವೆಂಪು ಅವರು ಬೆಳೆದ ಮನೆಯನ್ನೂ ಕವಿಶೈಲವನ್ನೂ ನೋಡಿ ಬರುವುದಕ್ಕೆ ನಾಡಿನ ಮೂಲೆಮೂಲೆಗಳಿಂದ ಜನರು ಹೋಗುತ್ತಾರೆ. ಆದರೆ ಆ ಬೆಟ್ಟದ ತಪ್ಪಲಿನ ಗದ್ದೆಗಳನ್ನೂ ಕಣಿವೆಯ ಅಡಕೆತೋಟಗಳನ್ನೂ ನಿಂತು ನೋಡುವವರು ವಿರಳ. ನೇಗಿಲು ಹಿಡಿದವನನ್ನು ಯೋಗಿಯೆಂದು ಕರೆದ ಕವಿಗೆ ಅನ್ನವಿಕ್ಕಿದ ಭೂಮಿ ಅದು. ಆ ಕವಿಯು 1904ರಲ್ಲಿ ಜನಿಸುವುದಕ್ಕೆ ಸುಮಾರು 250 ವರ್ಷಗಳ ಹಿಂದೆಯೇ ಈ ಮಲೆನಾಡಿನ ಭೂಮಿಗೆ ಕಂದಾಯವನ್ನು ಗೊತ್ತುಪಡಿಸಿದವನು ಶಿವಪ್ಪನಾಯಕನು. ಆತನ ರಾಜಧಾನಿಯಾದ ಬಿದನೂರು ಇಂದಿನ ಹೊಸನಗರ ತಾಲ್ಲೂಕಿನ ನಗರವೆಂಬ ಊರು. ಆತನ ವಂಶದ ಮೂಲಸ್ಥಾನಗಳಾದ ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ. ವಂಶದ ಹೆಸರಾಂತ ಗಿರಿದುರ್ಗವಾದ ಕವಲೇದುರ್ಗವು ಕುಪ್ಪಳ್ಳಿಯಂತೆಯೇ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದೆ.

ಶಿವಪ್ಪನಾಯಕನು ಪಟ್ಟಕ್ಕೆ ಬಂದದ್ದು 1645ರಲ್ಲಿ. ಅದಕ್ಕೆ ಮೊದಲು ರಾಜ್ಯವು ದೊಡ್ಡ ಪೆಟ್ಟನ್ನು ತಿಂದಿತ್ತು. ವೀರಭದ್ರನಾಯಕನ ಆಳಿಕೆಯಲ್ಲಿ ಬಿಜಾಪುರದ ದಂಡು ಇಕ್ಕೇರಿಯನ್ನು ಸೂರೆಗೊಂಡುದರಿಂದ, ರಾಜಧಾನಿಯನ್ನು ಕಾಡು ಬೆಟ್ಟಗಳ ಕೋಟೆಯೊಳಗಿನ ಬಿದನೂರಿಗೆ ಸಾಗಿಸಬೇಕಾಗಿ ಬಂದಿತು. ಇಂತಹ ರಾಜ್ಯವನ್ನು ಕೈಗೆ ತೆಗೆದುಕೊಂಡ ಶಿವಪ್ಪನಾಯಕನು ಹದಿನೈದೇ ವರ್ಷಗಳಲ್ಲಿ ಅದನ್ನು ಪಶ್ಚಿಮ ಕರಾವಳಿಯ ಪ್ರಬಲ ಶಕ್ತಿಯನ್ನಾಗಿ ಮಾಡಿದನು. ಬಿದನೂರನ್ನು ವಿಸ್ತರಿಸಿ ವರ್ತಕರನ್ನು ಕರೆಯಿಸಿ ನೆಲೆಗೊಳಿಸಿದನು. 1652ರಿಂದ 1654ರೊಳಗೆ ಗಂಗೊಳ್ಳಿ, ಬಸರೂರು, ಮಂಗಳೂರು, ಹೊನ್ನಾವರಗಳ ಕೋಟೆಗಳಿಂದ ಪೋರ್ತುಗೀಜರನ್ನು ಹೊರಗಟ್ಟಿದನು. ನೆಲೆತಪ್ಪಿದ ವಿಜಯನಗರದ ಶ್ರೀರಂಗರಾಯನಿಗೆ ಆಶ್ರಯವಿತ್ತು, ಆತನ ಪರವಾಗಿ ಶ್ರೀರಂಗಪಟ್ಟಣದವರೆಗೆ ದಂಡೆತ್ತಿಹೋದನು. ಆ ಮುತ್ತಿಗೆಯು ಫಲಿಸಲಿಲ್ಲ. ದಕ್ಷಿಣದಲ್ಲಿ ಆತನ ಅಧಿಕಾರವು ಇಂದಿನ ಕಾಸರಗೋಡಿನ ಸೀಮೆಯವರೆಗೂ ಚಾಚಿತ್ತು. ಇವೆಲ್ಲವೂ ಇತಿಹಾಸದ ಪುಸ್ತಕಗಳಲ್ಲಿ ಸಿಕ್ಕುವ ಸಂಗತಿಗಳು. ದಂಡಿನಿಂದ ಗೆದ್ದದ್ದು ದಂಡಿನಿಂದಲೇ ಹೋಗುತ್ತದೆಂಬುದೂ ಅದೇ ಪುಸ್ತಕಗಳಲ್ಲಿದೆ. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಹೋಗದೆ ಉಳಿದುದು ಮತ್ತೊಂದುಂಟು.

ಬಯಲುಸೀಮೆಯ ಭೂಮಿಗೆ ಕಂದಾಯ ಕಟ್ಟುವುದು ಕಷ್ಟ. ಮಲೆನಾಡಿನ ಭೂಮಿಗೆ ಕಟ್ಟುವುದು ಅದಕ್ಕಿಂತ ಕಷ್ಟ. ಒಂದೇ ಹಳ್ಳಿಯಲ್ಲಿ ಹಳ್ಳದ ಬದಿಯ ಬಯಲುಗದ್ದೆಗೆ ಒಂದು ಗುಣ, ದಿಣ್ಣೆಯ ಮೇಲಣ ಮಕ್ಕಿಗದ್ದೆಗೆ ಮತ್ತೊಂದು ಗುಣ. ಮಳೆ ಹೆಚ್ಚಾದರೆ ತಗ್ಗಿನ ನಾಟಿ ಕೊಚ್ಚಿಹೋಗುವುದು, ಕಡಮೆಯಾದರೆ ಮಕ್ಕಿ ಒಣಗುವುದು. ಅಡಕೆಯ ತೋಟವಂತೂ ನೆಟ್ಟ ಎಷ್ಟೋ ವರ್ಷಗಳ ತರುವಾಯ ಫಲಕೊಡತಕ್ಕದ್ದು. ಸೊಪ್ಪಿನ ಬೆಟ್ಟವಿಲ್ಲದೆ ಅದು ಬಾಳದು, ಮಳೆಗಾಲದ ಕೊಳೆರೋಗವು ಒಂದೇ ತಿಂಗಳಲ್ಲಿ ಕೊನೆಗಳನ್ನು ಉದುರಿಸಿಬಿಡಬಲ್ಲುದು. ಇದನ್ನು ಚಾವಡಿಯಲ್ಲಿ ಕುಳಿತು ಅಳೆಯಲಾಗದು. ಉತ್ಪನ್ನದ ಇಷ್ಟು ಪಾಲು ಅರಸನದೆಂದು ಶಾಸ್ತ್ರಗ್ರಂಥಗಳು ಹೇಳಿಯಾವು. ಆದರೆ ಉತ್ಪನ್ನವೆಷ್ಟು, ಅದನ್ನು ತೆಗೆಯುವುದಕ್ಕೆ ಬಿದ್ದ ಖರ್ಚೆಷ್ಟು ಎಂಬುದನ್ನು ಯಾವ ಗ್ರಂಥವೂ ಹೇಳಲಾರದು. ರೈತನನ್ನು ಕೇಳಿದರೆ ಆತನು ಕಡಮೆ ಹೇಳುವನು. ಶಾನುಭೋಗನನ್ನು ಕೇಳಿದರೆ ಆತನು ಯಾರ ಮುಖ ನೋಡಬೇಕೋ ನೋಡಿ ಹೇಳುವನು.

ಶಿವಪ್ಪನಾಯಕನು ಇಬ್ಬರನ್ನೂ ಕೇಳದೆ ಭೂಮಿಯನ್ನೇ ಕೇಳಿದನು. ಮೈಸೂರು ಗೆಜೆಟಿಯರನ್ನು ರಚಿಸಿದ ಬಿ. ಎಲ್. ರೈಸ್ ಅವರು ದಾಖಲಿಸಿರುವಂತೆ, ಆತನು ಹಳ್ಳಿಹಳ್ಳಿಯಲ್ಲಿಯೂ ಒಂದೊಂದು ತರಗತಿಯ ಒಂದೊಂದು ಗದ್ದೆಯನ್ನು ಅರಮನೆಯ ಸ್ವಂತ ಖರ್ಚಿನಿಂದ ಎಡೆಬಿಡದೆ 12 ವರ್ಷಗಳ ಕಾಲ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ಸಾಗುವಳಿಯ ವೆಚ್ಚವೆಷ್ಟು, ಬಂದ ಧಾನ್ಯವೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ವರ್ಷವರ್ಷವೂ ಬರೆಯಿಸಿಡಲಾಯಿತು. ಆ ಬಳಿಕ ಉತ್ಪನ್ನಕ್ಕೂ ಬೆಲೆಗೂ ಸರಾಸರಿ ತೆಗೆದು, ಭೂಮಿಯನ್ನು ಐದು ತರಗತಿಗಳನ್ನಾಗಿ ಮಾಡಿ, ಒಟ್ಟು ಉತ್ಪನ್ನದ ಮೂರರಲ್ಲೊಂದು ಪಾಲನ್ನು ಅರಮನೆಯ ಪಾಲೆಂದು ಗೊತ್ತುಪಡಿಸಿದನು. ತೋಟಗಳನ್ನು ಅಳೆಯುವ ಗಳುವಿಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಬಾಗಿಲ ಮೆಟ್ಟಿಲುಗಲ್ಲೇ ಪ್ರಮಾಣವಾಯಿತು. ಅದರ ಉದ್ದ 18 ಅಡಿ 6 ಅಂಗುಲವೆಂದು ಅದೇ ಗೆಜೆಟಿಯರು ಹೇಳುತ್ತದೆ. ಸಂದೇಹ ಬಂದವನು ಅಮಲುದಾರನ ಮಾತನ್ನು ನಂಬಬೇಕಾಗಿಲ್ಲ, ಗುಡಿಗೆ ಹೋಗಿ ಕಲ್ಲನ್ನು ಅಳೆದುಕೊಳ್ಳಬಹುದು.

ಈ ಏರ್ಪಾಟಿಗೆ ಜನರು ಶಿಸ್ತು ಎಂದು ಕರೆದರು. ಇಂದು ನಾವು ಆ ಶಬ್ದವನ್ನು ನಡತೆಯ ಕಟ್ಟುನಿಟ್ಟಿಗೆ ಬಳಸುತ್ತೇವೆ. ಆದುದರಿಂದ ಶಿಸ್ತಿನ ಶಿವಪ್ಪನಾಯಕನೆಂದರೆ ಕಠಿಣನಾದ ದಂಡನಾಯಕನೊಬ್ಬನ ಚಿತ್ರವು ಎಳೆಯರ ಮನಸ್ಸಿನಲ್ಲಿ ಮೂಡುತ್ತದೆ. ನಿಜವಾಗಿ ಆ ಬಿರುದು ಆತನಿಗೆ ಬಂದದ್ದು ಗದ್ದೆಯ ಲೆಕ್ಕದಿಂದ. ಕೋಟೆಗಳನ್ನು ಗೆದ್ದ ಅರಸನನ್ನು ಜನರು ಕಂದಾಯದ ಹೆಸರಿನಿಂದ ನೆನೆಯುವುದು ಲೋಕದಲ್ಲಿ ಅಪೂರ್ವವಾದ ಸಂಗತಿ. ಕಂದಾಯದ ಹೆಸರನ್ನು ಹೇಳಿ ಶಪಿಸದೆ ನೆನೆಯುವುದಂತೂ ಇನ್ನೂ ಅಪೂರ್ವ.

ಇಲ್ಲಿ ನಮ್ಮ ವಾಚಕರು ಒಂದನ್ನು ಗಮನಿಸಬೇಕು. ಬರಿಯ ಕೈಕೆಲಸದಿಂದ ಶಿಸ್ತು ಹುಟ್ಟಲಿಲ್ಲ. ಆ ಗದ್ದೆಗಳ ನೆರೆಯಲ್ಲಿಯೇ ಅಜ್ಜ ಮುತ್ತಜ್ಜಂದಿರ ಕಾಲದಿಂದ ಉಳುತ್ತ ಬಂದ ರೈತನಿಗೆ ತನ್ನ ಗದ್ದೆಯ ಗುಣವು ಅರಸನಿಗಿಂತ ಚೆನ್ನಾಗಿ ಗೊತ್ತಿತ್ತು; ಆದರೆ ಆ ಅರಿವು ಆತನ ಗದ್ದೆಯ ಅಂಚನ್ನು ದಾಟುತ್ತಿರಲಿಲ್ಲ. ಹತ್ತು ಹಳ್ಳಿಗಳನ್ನು ಹೋಲಿಸುವುದಕ್ಕೆ ಬರೆಹ ಬೇಕು, ತರಗತಿ ಬೇಕು, ಸರಾಸರಿಯೆಂಬ ಗಣಿತ ಬೇಕು. ಹಾಗೆಯೇ ಬರಿಯ ಗಣಿತದಿಂದಲೂ ಅದು ಹುಟ್ಟಲಿಲ್ಲ. ಕೂಡಿ ಭಾಗಿಸುವುದಕ್ಕೆ ಮೊದಲು ಅಂಕಿಗಳು ಬೇಕಷ್ಟೆ. ಹನ್ನೆರಡು ಮಳೆಗಾಲಗಳು ಏಕೆ ಬೇಕಾದವೆಂಬುದೂ ಕೃಷಿಕನಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಒಂದು ವರ್ಷದ ಬೆಳೆ ಆ ವರ್ಷದ ಮಳೆಯನ್ನು ಹೇಳುತ್ತದೆ; ಹನ್ನೆರಡು ವರ್ಷಗಳ ಬೆಳೆ ಭೂಮಿಯನ್ನು ಹೇಳುತ್ತದೆ. ಅರಮನೆಯೇ ಬೀಜ ಹಾಕಿ, ಕೂಲಿ ತೆತ್ತು, ಕೆಟ್ಟ ವರ್ಷದ ನಷ್ಟವನ್ನು ತಾನೇ ಹೊತ್ತದ್ದರಿಂದ, ರೈತನ ಕಷ್ಟವು ಅದಕ್ಕೆ ಅರ್ಜಿಯ ರೂಪದಲ್ಲಿ ಬಾರದೆ ತನ್ನದೇ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಂಡಿತು.

1660ರಲ್ಲಿ ಶಿವಪ್ಪನಾಯಕನು ಕಾಲವಾದನು. ತರುವಾಯ ನಡೆದುದು ಈ ಕಥೆಯಲ್ಲಿ ಬಹಳ ಬೋಧಪ್ರದವಾದ ಭಾಗ. ಆತನ ವಂಶದಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. 1709ರಲ್ಲಿ ಬಸವಪ್ಪನಾಯಕನು ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದನು. ಆದರೆ ಮತ್ತೊಮ್ಮೆ ಗದ್ದೆಗೆ ಇಳಿದು ಹನ್ನೆರಡು ವರ್ಷ ಉಳಿಸಿ ನೋಡಿದ ಅರಸನ ಸುದ್ದಿ ನಮಗೆ ಕೇಳಿಬರುವುದಿಲ್ಲ. ಬೊಕ್ಕಸಕ್ಕೆ ಹಣ ಬೇಕಾದಾಗಲೆಲ್ಲ ಹಳೆಯ ಶಿಸ್ತಿನ ಮೇಲೆ ಹೊಸ ಹೊಸ ಪಟ್ಟಿಗಳನ್ನು ಹೇರಲಾಯಿತು. ಹೈದರನ ಕಾಲದಲ್ಲಿ ಅವು ಇನ್ನೂ ಬೆಳೆದವು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನಿಗೆ ಶಿವಪ್ಪನಾಯಕನ ಶಿಸ್ತಿನ ವಿಷಯವೇ ಕೇಳಬಂದಿತು. ಕರಾವಳಿಯಲ್ಲಿ ಕಂದಾಯವನ್ನು ವಿಚಾರಿಸಿದ ತಾಮಸ್ ಮನ್ರೋವಿಗೂ ಬಿದನೂರಿನ ಹಳೆಯ ಕಟ್ಟಳೆ ಬೇರೆ, ಅದರ ಮೇಲೆ ಹೇರಿದ ಹೆಚ್ಚಳ ಬೇರೆ ಎಂದು ಬಿಡಿಸಿ ನೋಡಬೇಕಾಯಿತು. ಮೂಲದ ಅಂಕಿಗೆ ನೇಗಿಲ ಸಾಲು ಆಧಾರವಾಗಿತ್ತು. ಹೇರಿದ ಅಂಕಿಗೆ ಬೊಕ್ಕಸದ ಅವಶ್ಯಕತೆಯ ಹೊರತು ಬೇರೆ ಆಧಾರವಿರಲಿಲ್ಲ. ಮಾಡಿ ತಿಳಿದ ಅರಿವನ್ನು ಮತ್ತೆ ಮಾಡಿ ನೋಡದೆ ಬರಿದೆ ನಕಲು ಮಾಡುತ್ತ ಹೋದರೆ ಅದೂ ಪುಸ್ತಕದ ಬದನೆಕಾಯಿಯೇ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು.

ಇದೇ ಮಲೆನಾಡು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇನ್ನೊಂದು ನಿದರ್ಶನವನ್ನು ಕಂಡಿತು. ಅಡಕೆಯ ಕೊಳೆರೋಗಕ್ಕೆ ತೋಟಿಗರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಆ ರೂಢಿ ಮೂಢತನವಾಗಿರಲಿಲ್ಲ. ಮೈಸೂರು ಸಂಸ್ಥಾನದ ಸೇವೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ನರು ಆ ರೋಗದ ಬೂಷ್ಟನ್ನು ಅಭ್ಯಾಸಮಾಡಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಆದರೆ ಆ ಔಷಧವು ಮರದ ತುದಿಗೆ ಮುಟ್ಟಬೇಕಾದರೆ ಮರವೇರಬಲ್ಲ ಕೊನೆಗಾರನೇ ಬೇಕಾಯಿತು. ಶಾಸ್ತ್ರವು ದ್ರಾವಣವನ್ನು ಕೊಟ್ಟಿತು, ಕೈ ಅದನ್ನು ಕೊನೆಗೆ ತಲುಪಿಸಿತು.

2012ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪಿತವಾದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ಇಂದು ಕೆಳದಿ ಶಿವಪ್ಪನಾಯಕನ ಹೆಸರನ್ನು ಹೊತ್ತಿದೆ; ಅದರ ಮುಖ್ಯ ಆವರಣವು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಇದು ಯೋಗ್ಯವಾದ ನಾಮಕರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರು ಹೊಣೆಯನ್ನೂ ತರುತ್ತದೆ. ಕೃಷಿಪದವಿಯ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಕೆಲವು ತಿಂಗಳು ಹಳ್ಳಿಯಲ್ಲಿ ನೆಲೆಸಿ ಅನುಭವ ಪಡೆಯುವ ಏರ್ಪಾಡು ನಮ್ಮ ದೇಶದ ಕೃಷಿಕಾಲೇಜುಗಳಲ್ಲಿದೆ. ಅದು ಒಳ್ಳೆಯದು, ಸಾಲದು. ಕೆಲವು ತಿಂಗಳಲ್ಲಿ ಒಂದು ಬೆಳೆಯನ್ನು ಕಾಣಬಹುದೇ ಹೊರತು ಒಂದು ಭೂಮಿಯನ್ನು ಅರಿಯಲಾಗದು. ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲ ವರ್ಷದಿಂದಲೇ ತುಂಡು ಗದ್ದೆಯೊಂದನ್ನು ವಹಿಸಿಕೊಟ್ಟು, ಅದರ ಬೀಜ, ಕೂಲಿ, ನಷ್ಟ, ಲಾಭಗಳ ಲೆಕ್ಕವನ್ನು ಆತನ ಕೈಯಿಂದಲೇ ಬರೆಯಿಸಿ, ಆ ಪುಸ್ತಕವನ್ನು ಪರೀಕ್ಷೆಯ ಉತ್ತರಪತ್ರಿಕೆಗೆ ಸಮಾನವೆಂದು ಎಣಿಸಬೇಕೆಂದು ನಾವು ಸೂಚಿಸುತ್ತೇವೆ. ಬೆಳೆಯ ನಷ್ಟವನ್ನು ಗೊತ್ತುಮಾಡುವ ಅಧಿಕಾರಿಗಳೂ, ಬೆಂಬಲ ಬೆಲೆಯನ್ನು ಕಟ್ಟುವ ಸಮಿತಿಗಳೂ ಇದರಿಂದ ಕಲಿಯಬೇಕಾದುದು ಸ್ವಲ್ಪವಲ್ಲ.

ಅರಸನೊಬ್ಬನು ಮೂರರಲ್ಲೊಂದು ಪಾಲನ್ನು ಕೇಳುವುದಕ್ಕೆ ಮೊದಲು ಹನ್ನೆರಡು ಮಳೆಗಾಲ ಕಾದನು. ರೈತನ ವಿಷಯದಲ್ಲಿ ತೀರ್ಪು ಕೊಡುವವರು ಇಂದು ಒಂದು ಮಳೆಗಾಲವಾದರೂ ಆತನ ಗದ್ದೆಯ ಕೆಸರಿನಲ್ಲಿ ನಿಲ್ಲಬೇಕೆಂದು ನಾಡು ಬಯಸುವುದು ಅತಿಯಾದ ಬಯಕೆಯಲ್ಲ.