ಹಿಮಾಲಯದ ಹಿಮ, ನಮ್ಮ ರಾಗಿ ಹೊಲ: ಹೆನ್ರಿ ಬ್ಲ್ಯಾನ್‌ಫರ್ಡ್ ಅವರ ಜೀವನ



ನಮ್ಮ ಬಾಗಲೂರಿನಲ್ಲಿ ಹಿಮ ಬಿದ್ದದ್ದನ್ನು ಕಂಡವರಿಲ್ಲ. ಧನುರ್ಮಾಸದ ಬೆಳಗಿನ ಮಂಜೇ ನಮಗೆ ದೊಡ್ಡ ಚಳಿ. ಹಾಗಿದ್ದೂ ಈ ಸಲದ ವ್ಯಕ್ತಿ ಪರಿಚಯಕ್ಕೆ ಹಿಮಾಲಯದ ಹಿಮದ ಲೆಕ್ಕ ಇಟ್ಟ ಒಬ್ಬ ವಿಜ್ಞಾನಿಯನ್ನು ಆರಿಸಿಕೊಂಡಿದ್ದೇನೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಎಂದು ಆಕಾಶ ನೋಡುವ ಜನರಿಗೆ ಅವರ ಕೆಲಸ ಸಂಬಂಧಪಟ್ಟದ್ದು. ಅವರೇ ಭಾರತ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾಗಿದ್ದ ಹೆನ್ರಿ ಫ್ರಾನ್ಸಿಸ್ ಬ್ಲ್ಯಾನ್‌ಫರ್ಡ್.

ಬ್ಲ್ಯಾನ್‌ಫರ್ಡ್ ಹುಟ್ಟಿದ್ದು 1834ರ ಜೂನ್ 3ರಂದು, ಲಂಡನ್ನಿನಲ್ಲಿ. ಓದಿದ್ದು ಗಣಿ ಮತ್ತು ಭೂವಿಜ್ಞಾನ. 1855ರಲ್ಲಿ ಅಣ್ಣ ವಿಲಿಯಂ ಜೊತೆಯಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿ ಕಲ್ಕತ್ತೆಗೆ ಬಂದರು. ಒರಿಸ್ಸಾದ ತಾಲ್ಚೇರಿನಲ್ಲಿ ಕಲ್ಲಿದ್ದಲು ಹುಡುಕುವಾಗ, ನುಣ್ಣನೆಯ ಜೇಡಿಯಲ್ಲಿ ದೊಡ್ಡ ದೊಡ್ಡ ಗುಂಡುಗಳು ಹುದುಗಿರುವುದನ್ನು ಅಣ್ಣ ತಮ್ಮಂದಿರು ಕಂಡರು. ಸುಡು ಬಿಸಿಲಿನ ಆ ನಾಡಿಗೆ ಈ ಗುಂಡುಗಳನ್ನು ಹೊತ್ತು ತಂದದ್ದು ಹಿಂದೊಂದು ಕಾಲದ ಮಂಜುಗಡ್ಡೆಯೇ ಎಂದು ಆಗಲೇ ಸೂಚಿಸಿದರು. ಮುಂದೆ ಅದು ನಿಜವೆಂದು ಸ್ಥಿರವಾಯಿತು.

ಆಮೇಲೆ ಅವರು ಬಂದದ್ದು ನಮ್ಮ ತಮಿಳುನಾಡಿಗೆ. ತಿರುಚಿರಾಪಳ್ಳಿ, ದಕ್ಷಿಣ ಆರ್ಕಾಟು ಸೀಮೆಯಲ್ಲಿ ತಿರುಗಿ, ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಬಂಡೆಗಳನ್ನೂ ಅವುಗಳಲ್ಲಿನ ಪಳೆಯುಳಿಕೆಗಳನ್ನೂ ವಿವರಿಸಿದರು. ಈ ಅಲೆದಾಟದಲ್ಲಿ ಆರೋಗ್ಯ ಕೆಟ್ಟಿತು. 1862ರಲ್ಲಿ ಆ ಕೆಲಸ ಬಿಟ್ಟು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

1864ರ ಅಕ್ಟೋಬರಿನಲ್ಲಿ ಕಲ್ಕತ್ತೆಗೆ ಭಾರೀ ಚಂಡಮಾರುತ ಬಡಿದು ಹತ್ತಾರು ಸಾವಿರ ಜನ ಸತ್ತರು. ಅದರ ವರದಿ ಬರೆದ ಇಬ್ಬರಲ್ಲಿ ಬ್ಲ್ಯಾನ್‌ಫರ್ಡ್ ಒಬ್ಬರು. ಅಲ್ಲಿಂದ ಅವರ ದೃಷ್ಟಿ ನೆಲದಿಂದ ಆಕಾಶಕ್ಕೆ ಹೋಯಿತು. 1867ರಲ್ಲಿ ಬಂಗಾಳದ ಹವಾಮಾನ ವರದಿಗಾರರಾದರು. 1875ರಲ್ಲಿ ಇಡೀ ದೇಶಕ್ಕೆ ಒಂದೇ ಹವಾಮಾನ ಇಲಾಖೆಯಾದಾಗ ಅದರ ಹೊಣೆ ಅವರ ಹೆಗಲಿಗೆ ಬಂತು.

ಮರುವರ್ಷವೇ ಬಂತು ಧಾತು-ಈಶ್ವರ ಬರ. ನಮ್ಮ ತಮಿಳು ನೆರೆಯವರು ಇದನ್ನೇ ಧಾತು ವರ್ಷದ ಪಂಜ ಎನ್ನುತ್ತಾರೆ. ಆಗ ಹೊಸೂರು ತಾಲ್ಲೂಕು ಸೇಲಂ ಜಿಲ್ಲೆಯಲ್ಲಿತ್ತು, ಆ ಜಿಲ್ಲೆಯೂ ಬರದಲ್ಲಿ ಬೆಂದಿತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿಯಿತು. ಮಳೆ ಕೈಕೊಡುವುದನ್ನು ಮುಂಚೆಯೇ ತಿಳಿಯಲು ಸಾಧ್ಯವೇ ಎಂದು ಸರ್ಕಾರ ಬ್ಲ್ಯಾನ್‌ಫರ್ಡ್ ಅವರನ್ನು ಕೇಳಿತು.

ಉತ್ತರವನ್ನು ಅವರು ಹಿಮಾಲಯದಲ್ಲಿ ಹುಡುಕಿದರು. ಆಗ ಉಪಗ್ರಹ ಎಲ್ಲಿತ್ತು? ಬೆಟ್ಟದ ಸೀಮೆಗಳಿಂದ ಬರುವ ವರದಿಗಳೇ ಗತಿ. ಅವನ್ನು ವರ್ಷವರ್ಷದ ಮಳೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. ಪಶ್ಚಿಮ ಹಿಮಾಲಯದಲ್ಲಿ ಹಿಮ ಹೆಚ್ಚಾಗಿ, ತಡವಾಗಿ ಬಿದ್ದ ವರ್ಷ ಉತ್ತರ ಮತ್ತು ಪಶ್ಚಿಮ ಭಾರತದಲ್ಲಿ ಮುಂಗಾರು ಸೊರಗುವುದು ಕಂಡಿತು. ಕಾರಣ ಹೀಗೆ: ಬೇಸಿಗೆಯಲ್ಲಿ ನೆಲ ಚೆನ್ನಾಗಿ ಕಾದರೆ ಕಡಲಿನ ತೇವದ ಗಾಳಿ ಒಳಕ್ಕೆ ಬರುತ್ತದೆ. ಹಿಮ ಬಹಳವಿದ್ದರೆ ಬಿಸಿಲಿನ ಕಾವು ಅದನ್ನು ಕರಗಿಸುವುದರಲ್ಲೇ ಖರ್ಚಾಗುತ್ತದೆ, ಬೆಟ್ಟದ ಕಡೆಯಿಂದ ಒಣಗಾಳಿ ಬಯಲಿಗೆ ಇಳಿಯುತ್ತದೆ. 1884ರಲ್ಲಿ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳಿಸಿದರು. 1882ರಿಂದ 1885ರವರೆಗೆ ಪರೀಕ್ಷಾರ್ಥವಾಗಿ ಮುನ್ಸೂಚನೆ ಕೊಟ್ಟು ನೋಡಿ, 1886ರ ಜೂನ್ 4ರಂದು ಇಲಾಖೆಯ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಹೊರಡಿಸಿದರು.

ಹಿಮವೊಂದೇ ಮಳೆಯ ಕೀಲಿಕೈ ಆಗಲಿಲ್ಲ. ಅವರ ನಂತರ ಬಂದ ಜಾನ್ ಎಲಿಯಟ್ ಇನ್ನಷ್ಟು ಅಂಶಗಳನ್ನು ಸೇರಿಸಿದರು. ಆದರೂ 1899ರಲ್ಲಿ ಒಳ್ಳೆಯ ಮಳೆ ಎಂದು ಹೇಳಿದ್ದು ಸುಳ್ಳಾಗಿ ಭೀಕರ ಬರ ಬಂತು. ಆಮೇಲೆ ಗಿಲ್ಬರ್ಟ್ ವಾಕರ್ ದೂರದ ಸಾಗರಗಳ ಕಡೆಗೆ ತಿರುಗಿದರು. 1877ರ ಬರದ ಹಿಂದೆ ಬಲವಾದ ಎಲ್ ನಿನೋ ಇತ್ತೆಂದು ಈಗ ಗೊತ್ತಾಗಿದೆ. ಆದರೆ ಬ್ಲ್ಯಾನ್‌ಫರ್ಡ್ ಅವರ ಮಾತು ಪೂರ್ತಿ ಬಿದ್ದುಹೋಗಲಿಲ್ಲ. 1976ರಲ್ಲಿ ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿದ ಹಾನ್ ಮತ್ತು ಜಗದೀಶ ಶುಕ್ಲ ಅವರಿಗೆ ಯುರೇಷ್ಯಾದ ಹಿಮಕ್ಕೂ ನಮ್ಮ ಮುಂಗಾರಿಗೂ ಅದೇ ತೆರನಾದ ನಂಟು ಕಂಡಿತು.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ನೌಕರಿಯಲ್ಲಿದ್ದಾಗ ಕೆಲವು ವರ್ಷ ಮಳೆಯ ಲೆಕ್ಕದ ರಿಜಿಸ್ಟರು ನನ್ನ ಮೇಜಿನಲ್ಲಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳೆದು ಬರೆಯಬೇಕು. ಒಂದು ಭಾನುವಾರ ನಾನು ಹೋಗಲಿಲ್ಲ. ಸೋಮವಾರ ಎರಡು ದಿನದ ನೀರನ್ನು ಒಟ್ಟಿಗೆ ಅಳೆದು, ಅಂದಾಜಿನ ಮೇಲೆ ಪಾಲು ಮಾಡಿ ಬರೆದುಬಿಟ್ಟೆ. ಯಾರೂ ಕೇಳಲಿಲ್ಲ. ಬ್ಲ್ಯಾನ್‌ಫರ್ಡ್ ಅವರ ಬಗ್ಗೆ ಓದುವಾಗ ಆ ಭಾನುವಾರ ನೆನಪಾಗಿ ನಾಚಿಕೆಯಾಯಿತು. ಅವರು ಕಂಡುಕೊಂಡದ್ದೆಲ್ಲ ಎಲ್ಲೋ ಕೂತು ದಿನದ ಅಂಕಿ ಬರೆದ ನನ್ನಂಥ ಗುಮಾಸ್ತರನ್ನು ನಂಬಿಯೇ ಅಲ್ಲವೇ? ಅವರೆಲ್ಲ ನನ್ನ ಹಾಗೆ ಪಾಲು ಹಾಕಿ ಬರೆದಿದ್ದರೆ ಹಿಮಕ್ಕೂ ಮಳೆಗೂ ಇರುವ ನಂಟು ಅವರಿಗೆ ಎಲ್ಲಿ ಕಾಣಬೇಕಿತ್ತು?

1880ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ಪಡೆದ ಬ್ಲ್ಯಾನ್‌ಫರ್ಡ್, ನಿವೃತ್ತಿಯ ನಂತರ ಇಂಗ್ಲೆಂಡಿಗೆ ಮರಳಿದರು. 1889ರಲ್ಲಿ ಭಾರತದ ಹವೆ ಮತ್ತು ಮಳೆಯ ಬಗ್ಗೆ ಸಾಮಾನ್ಯರೂ ಓದಬಹುದಾದ ಪುಸ್ತಕ ಪ್ರಕಟಿಸಿದರು. 1893ರ ಜನವರಿ 23ರಂದು ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ, 58ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಸದಸ್ಯರಲ್ಲಿ ಎರಡು ಕೋರಿಕೆ. ನಿಮ್ಮ ಮನೆಯ ಹಿರಿಯರು ಧಾತು-ಈಶ್ವರ ಬರದ ಬಗ್ಗೆ ಹೇಳಿದ ಮಾತು ನೆನಪಿದ್ದರೆ ಮುಂದಿನ ಸಭೆಗೆ ಬರೆದು ತನ್ನಿ, ಸಂಘದ ಕಡತದಲ್ಲಿ ಸೇರಿಸಿಡೋಣ. ಜಮೀನು ಇರುವವರು ಮಕ್ಕಳ ಕೈಯಲ್ಲಿ ದಿನದ ಮಳೆಯ ಲೆಕ್ಕ ಬರೆಸಿ. ಭಾನುವಾರವೂ ತಪ್ಪಿಸಬೇಡಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಕನ್ನಡ ಸಂಘ, ಬಾಗಲೂರು