ಕೀಲಿಕೈ ಹಿಡಿಯೊಳಗೆ ವೋಲ್ಟಾ

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯನ ಊರು ಅನಗವಾಡಿಗೆ ಹೋಗಿದ್ವಿ. ಬೀಳಗಿ ತಾಲ್ಲೂಕು, ಘಟಪ್ರಭಾ ದಂಡೆ. ರಾತ್ರಿ ಮನೆ ಮುಟ್ಟಿದಾಗ ಕರೆಂಟ್ ಇಲ್ಲ, ಮೊಬೈಲ್‌ಗಳಲ್ಲಿ ಚಾರ್ಜೂ ಇಲ್ಲ. ಕೀಲಿಯ ತೂತು ಹುಡುಕೋದೇ ದೊಡ್ಡ ಕೆಲಸ ಆಯ್ತು. ಕೀಲಿಕೈ ಹಿಡಿಯೊಳಗೇ ಪುಟ್ಟ ಲೈಟ್ ಕೂರಿಸುವ ನಮ್ಮ ಮಿನಿ ಪ್ರಾಜೆಕ್ಟ್ ಹುಟ್ಟಿದ್ದು ಅಲ್ಲೇ. ಹಿಡಿಯಲ್ಲಿ ಜಾಗ ಕಮ್ಮಿ. 1.6 ಮಿ.ಮೀ. ದಪ್ಪದ, 3 ವೋಲ್ಟಿನ ಸಿಆರ್2016 ಸೆಲ್ ಎರಡನ್ನು ಒಂದರ ಮೇಲೊಂದು ಇಟ್ವಿ. 6 ವೋಲ್ಟ್ ಬಂತು. ರೆಸಿಸ್ಟರ್ ಸೇರಿಸಿದ ಮೇಲೆ ಬಿಳಿ ಎಲ್‌ಇಡಿ ಹತ್ತಿತು. ಹೀಗೆ ಬಿಲ್ಲೆ ಮೇಲೆ ಬಿಲ್ಲೆ ಪೇರಿಸಿ ವಿದ್ಯುತ್ ಪಡೆಯೋದನ್ನ ಜಗತ್ತಿಗೆ ತೋರಿಸಿದವನು ಅಲೆಸ್ಸಾಂಡ್ರೊ ವೋಲ್ಟಾ.

ವೋಲ್ಟಾ ಹುಟ್ಟಿದ್ದು 1745ರಲ್ಲಿ, ಇಟಲಿಯ ಕೋಮೋದಲ್ಲಿ. ನಾಲ್ಕು ವರ್ಷ ಆಗೋವರೆಗೂ ಸರಿಯಾಗಿ ಮಾತೇ ಬಂದಿರಲಿಲ್ಲವಂತೆ. ಮನೆಯವರಿಗೆ ಹುಡುಗ ವಕೀಲನಾಗಲಿ ಅಂತ ಆಸೆ. ಹುಡುಗನಿಗೆ ವಿದ್ಯುತ್ತಿನ ಹುಚ್ಚು. 1776ರಲ್ಲಿ ಮಜ್ಜೋರೆ ಸರೋವರದ ಕೆಸರು ಕದಡಿ, ಮೇಲೆದ್ದ ಗುಳ್ಳೆಗಳಲ್ಲಿ ಮೀಥೇನ್ ಅನಿಲ ಕಂಡುಕೊಂಡ. ಮುಂದೆ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ.

1791ರಲ್ಲಿ ಬೊಲೊನ್ಯಾದ ಲುಯಿಜಿ ಗಾಲ್ವಾನಿ, ಸತ್ತ ಕಪ್ಪೆಯ ಕಾಲು ಲೋಹ ತಾಗಿದಾಗ ಅದುರುವುದನ್ನು ಪ್ರಕಟಿಸಿ, ವಿದ್ಯುತ್ ಪ್ರಾಣಿಯ ದೇಹದಲ್ಲೇ ಇದೆ ಅಂದ. ವೋಲ್ಟಾ ಮೊದಲು ಒಪ್ಪಿದ. ತಾನೇ ಪ್ರಯೋಗ ಮಾಡಿದ ಮೇಲೆ ಅನುಮಾನ ಬಂತು. ಎರಡು ಬೇರೆ ಲೋಹಗಳನ್ನು ನಾಲಗೆಗೆ ಹಚ್ಚಿ ನೋಡಿದ, ಹುಳಿ ರುಚಿ ಬಂತು. ಹಾಗಾದರೆ ಕಪ್ಪೆ ಯಾಕೆ ಬೇಕು? ಬೆಳ್ಳಿ, ಸತು, ಉಪ್ಪುನೀರಲ್ಲಿ ನೆನೆಸಿದ ರಟ್ಟು, ಮತ್ತೆ ಬೆಳ್ಳಿ, ಸತು, ರಟ್ಟು ಅಂತ ಪೇರಿಸುತ್ತಾ ಹೋದ. ಭಾರಕ್ಕೆ ಕೆಳಗಿನ ರಟ್ಟಿನ ನೀರು ಹಿಂಡಿ ಹೋಗುವ ತೊಂದರೆ ಇತ್ತು. ಆದರೂ ಕರೆಂಟ್ ಬಿಡದೆ ಹರಿಯಿತು. 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಕೆಲವೇ ವಾರಗಳಲ್ಲಿ ಅಲ್ಲಿ ನಿಕೋಲ್ಸನ್, ಕಾರ್ಲೈಲ್ ಇಬ್ಬರೂ ಇಂಥದ್ದೇ ಬ್ಯಾಟರಿಯಿಂದ ನೀರನ್ನು ವಿಭಜಿಸಿದರು. 1801ರಲ್ಲಿ ಪ್ಯಾರಿಸ್‌ನಲ್ಲಿ ನೆಪೋಲಿಯನ್ ಎದುರಿಗೇ ಪ್ರಯೋಗ ನಡೆಯಿತು. ಇದನ್ನೆಲ್ಲ ನೋಡಲು ಗಾಲ್ವಾನಿ ಇರಲಿಲ್ಲ. ಹೊಸ ಸರ್ಕಾರಕ್ಕೆ ಪ್ರಮಾಣ ಮಾಡಲು ಒಪ್ಪದೆ ಕೆಲಸ ಕಳಕೊಂಡಿದ್ದ ಅವನು 1798ರಲ್ಲೇ ತೀರಿಕೊಂಡಿದ್ದ.

ಇಷ್ಟಾದರೂ ವೋಲ್ಟಾ ಪೂರ್ತಿ ಸರಿ ಇರಲಿಲ್ಲ. ಎರಡು ಲೋಹ ತಾಗಿದ್ದಕ್ಕೇ ಕರೆಂಟ್ ಹುಟ್ಟುತ್ತದೆ ಅಂತ ಅವನು ನಂಬಿದ್ದ. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ರಾಸಾಯನಿಕ ಕ್ರಿಯೆ. ಸತು ಕರಗುವುದು ಅವನಿಗೆ ಮುಖ್ಯ ಅನ್ನಿಸಲಿಲ್ಲ. ಇತ್ತ ನರಗಳಲ್ಲಿ ವಿದ್ಯುತ್ ಇರೋದೂ ನಿಜವೇ. ಅಷ್ಟರಮಟ್ಟಿಗೆ ಗಾಲ್ವಾನಿಯೂ ಸರಿ. ವೋಲ್ಟಾ 1827ರಲ್ಲಿ ತೀರಿಕೊಂಡ. 1881ರಲ್ಲಿ ಅವನ ಹೆಸರು ಅಳತೆಯ ಮಾನವಾಯಿತು.

ನಮ್ಮ ಲೈಟ್ ಎರಡೇ ದಿನಕ್ಕೆ ಆರಿತು. ಸೆಲ್ ಕಳಪೆ ಅಂತ ಬೈದು ಹೊಸದು ಹಾಕಿದ್ವಿ, ಹತ್ತಿತು. ಮತ್ತೆ ಎರಡು ದಿನಕ್ಕೆ ಆರಿತು. ಆಮೇಲೆ ಗೊತ್ತಾಯ್ತು, ಜೇಬಿನಲ್ಲಿ ಸ್ವಿಚ್ ತಾನಾಗೇ ಒತ್ತಿಕೊಳ್ತಿತ್ತು. ಸೆಲ್ ಬದಲಿಸಿದಾಗ ಹತ್ತಿತು ಅಂದಮಾತ್ರಕ್ಕೆ ನಾವು ಹೇಳಿದ ಕಾರಣ ಸರಿಯಾಗಿರಲಿಲ್ಲ. ಸ್ವಿಚ್ಚನ್ನು ಹಿಡಿಯ ಮಟ್ಟಕ್ಕಿಂತ ತುಸು ಒಳಗೆ ಕೂರಿಸಿದ್ವಿ. ಈಗ ಆ ಕೀಲಿಕೈ ಅನಗವಾಡಿಯ ಮನೆಯಲ್ಲೇ ಇದೆ.